ಗರಗಸದ ರಿಂಗು ಹುಡುಕಿಕೊಂಡು

ನನ್ನ ಗಂಡನಿಗೆ ಯಾರ ಹತ್ತಿರವೂ ಏನನ್ನೂ ಕೇಳಿ ಅಭ್ಯಾಸವಿರಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಪಕ್ಕದವರು ತಾವಾಗಿ ಸರಿದು ಕೂರುವ ತನಕ ನಿಂತೇ ಇರುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೆ ಹಾಗೆಯೇ ಉಂಡು ಏಳುತ್ತಿದ್ದರು. ಅಂಥವರ ಕೈಗೆ ಬಂದದ್ದು ದಿನ ಬೆಳಗಾದರೆ ಏನಾದರೊಂದು ಭಾಗ ಬೇಡುವ ಮಿಶನ್ನು.

ಇಸವಿ ಅರವತ್ತೊಂದೋ ಅರವತ್ತೆರಡೋ ಇರಬೇಕು. ನಮ್ಮೂರಾದ ಕತಗಾಲದ ಮೇಲೆ ಘಟ್ಟದ ಬುಡದ ಕಾಡಿನಲ್ಲಿ ಹುಬ್ಬಳ್ಳಿಯ ಸಾಹುಕಾರರೊಬ್ಬರು ಮರ ಕಡಿಸುವ ಗುತ್ತಿಗೆ ಹಿಡಿದಿದ್ದರು. ಎಲ್ಲಿಯೋ ಹರಾಜಿನಲ್ಲಿ ಹಿಡಿದು ಒಂದು ಪೆಟ್ರೋಲ್ ಗರಗಸ ತಂದಿದ್ದರು. ಯುದ್ಧದ ಕಾಲದ್ದು. ಅದನ್ನು ಇಬ್ಬರು ಹಿಡಿಯಬೇಕು. ಇಂಜಿನ್ನಿನ ಕಡೆಗೆ ಒಬ್ಬ, ಉದ್ದ ಪಟ್ಟಿಯ ಆಚೆ ತುದಿಯ ಹಿಡಿಕೆಗೆ ಇನ್ನೊಬ್ಬ. ಪಟ್ಟಿಯ ಸುತ್ತ ಹಲ್ಲಿನ ಸರಪಳಿ ತಿರುಗುತ್ತ ಮರ ಕೊಯ್ಯುತ್ತದೆ. ಅದನ್ನು ಮಾಡಿದ ಕಂಪನಿ ಯಾವತ್ತೋ ಮುಚ್ಚಿಹೋಗಿದೆ ಎಂದು ಸಾಹುಕಾರರ ಗುಮಾಸ್ತ ಹೇಳುತ್ತಿದ್ದ. ಇಂಜಿನ್ನಿನ ಕಡೆಗೆ ನನ್ನ ಗಂಡ ಇದ್ದರು.

ಮೊದಲು ಅವರು ಕೈಗರಗಸದ ಕೆಲಸದವರು. ಮದುವೆಯಾದ ವರ್ಷವೇ ದಿಮ್ಮಿಯೊಂದು ಉರುಳಿ ಬಲಭುಜಕ್ಕೆ ಬಡಿದಿತ್ತು. ಆಮೇಲೆ ಆ ಕೈ ಎದೆಯ ಮೇಲಕ್ಕೆ ಏಳುತ್ತಿರಲಿಲ್ಲ. ಕೊಡಲಿ ಎತ್ತುವ ಹಾಗಿಲ್ಲ, ಗದ್ದೆಯಲ್ಲಿ ನೇಗಿಲು ಒತ್ತಿ ಹಿಡಿಯುವ ಹಾಗಿಲ್ಲ. ಮಿಶನ್ನು ಮಾತ್ರ ಸೊಂಟದ ಮಟ್ಟದಲ್ಲಿ ಹಿಡಿಯುವುದಾದ್ದರಿಂದ ಹೇಗೋ ನಡೆಯುತ್ತಿತ್ತು. ಆ ಮಿಶನ್ನು ಹೋದರೆ ನಮಗೆ ಬೇರೆ ದಾರಿ ಇರಲಿಲ್ಲ. ಇದು ಮನೆಯ ಎಲ್ಲರಿಗೂ ಗೊತ್ತಿತ್ತು.

ಮೇ ತಿಂಗಳ ಕೊನೆಗೆ ಒಂದು ಸಂಜೆ ಅವರು ಕಾಡಿನಿಂದ ಬಂದವರು ಕಾಲು ತೊಳೆಯದೆ ಜಗಲಿಯ ಮೇಲೆ ಕೂತರು. ಮಿಶನ್ನಿಗೆ ಎಳೆತ ಇಲ್ಲ, ಸರಪಳಿ ಮರಕ್ಕೆ ತಾಗಿದ ಕೂಡಲೆ ಉಸಿರು ಬಿಡುತ್ತದೆ ಅಂದರು. ಗುಮಾಸ್ತ ಊಟಕ್ಕೆ ಹೋದಾಗ ಅದರ ತಲೆ ಬಿಚ್ಚಿ ನೋಡಿದ್ದಾರೆ. ಒಳಗೆ ಪಿಸ್ಟನ್ ಎನ್ನುವ ಕೊಳವೆಯಾಕಾರದ ಭಾಗಕ್ಕೆ ಎರಡು ತೆಳು ಕಬ್ಬಿಣದ ರಿಂಗುಗಳು. ಮೇಲಿನದು ಮೂರು ಚೂರು. ಕೆಳಗಿನದು ಸವೆದಿದೆ, ಆದರೆ ಇಡಿಯಾಗಿದೆ.

"ಸಾಹುಕಾರ್ರು ಬಿಚ್ಬೇಡ ಅಂದಿದ್ರಲ್ದಾ?" ಎಂದು ಅತ್ತೆ ಕೇಳಿದರು.

"ಬಿಚ್ದೇ ಗೊತ್ತಾಗುದು ಹ್ಯಾಂಗೆ?" ಅಂದರು ಅವರು.

ಸಾಹುಕಾರರು ಶನಿವಾರ ಬರುವವರಿದ್ದರು. ಮಳೆ ಹಿಡಿಯುವ ಮೊದಲು ಉಳಿದ ಮರಗಳು ಬಿದ್ದು, ದಿಮ್ಮಿಗಳು ರಸ್ತೆಗೆ ಬರಬೇಕಿತ್ತು. ಮಿಶನ್ನು ನಿಂತಿದೆ ಎಂದು ಕಂಡರೆ ಕೊಡಲಿಯವರ ಇನ್ನೊಂದು ತಂಡ ತರಿಸುತ್ತಾರೆ, ಮಿಶನ್ನು ಗುಜರಿಗೆ ಹೋಗುತ್ತದೆ ಎಂದು ಗುಮಾಸ್ತ ಮೊದಲೇ ಬೆದರಿಸಿದ್ದ. ನನ್ನ ಗಂಡ ಮರುದಿನ ಕುಮಟೆಗೆ ಹೋಗಿಬಂದರು. ಬರಿಗೈ.

"ಎಲ್ಲೆಲ್ಲಿ ಕೇಳದ್ರಿ?" ಅಂದೆ.

"ಒಂದು ಅಂಗಡೀಲಿ."

"ಎಂತ ಅಂದ್ರು?"

"ಅವ್ರು ಗಿರಾಕಿ ಹತ್ರ ಮಾತಾಡ್ತಿದ್ರು. ಸುಮಾರು ಹೊತ್ತು ನಿಂತೆ. ಬಂದೆ."

ಅತ್ತೆ ಒಳಗಿನಿಂದಲೇ, "ನಾಳೆ ನೀನೇ ಹೋಗು," ಅಂದರು. ನನಗೆ ಹೇಳಿದ್ದು. "ಇವ್ನ ಬಾಯಿಂದ ಮಾತು ಹೊರಬೀಳುದ್ರೊಳಗೆ ಅಂಗಡಿ ಬಾಗ್ಲು ಹಾಕ್ತ್ರು."

ನಾನು ಕುಮಟೆಯ ಹತ್ತಿರದ ಹುಡುಗಿ. ತಾಯಿ ಬುಟ್ಟಿಯಲ್ಲಿ ಹರಿವೆ, ಬಸಳೆ, ಸೌತೆಕಾಯಿ ಹೊತ್ತು ಪೇಟೆಯಲ್ಲಿ ಮಾರುತ್ತಿದ್ದವಳು. ಅವಳ ಪಕ್ಕ ಕೂತು ಕೂತು ನನಗೆ ಕೊಂಕಣಿ ಬರುತ್ತಿತ್ತು, ಗುರುತಿಲ್ಲದವರ ಹತ್ತಿರ ಮಾತಾಡಲು ಅಂಜಿಕೆ ಇರಲಿಲ್ಲ. ಆದರೆ ಮನೆಯಲ್ಲಿ ಏಳು ತಿಂಗಳ ಮಗಳಿದ್ದಳು. ಎದೆಹಾಲು ಬಿಟ್ಟು ಬೇರೇನೂ ಕುಡಿದು ಗೊತ್ತಿಲ್ಲದವಳು.

"ಎತ್ಕಂಡೇ ಹೋತೆ," ಅಂದೆ.

"ಆ ಬಿಸ್ಲಿಗೆ, ಬಸ್ಸಿನ ಹೊಗಿಗೆ ಮಗು ಬೇಡ. ಮಧ್ಯಾಹ್ನಕ್ಕೆ ಬಂದ್ಬಿಡ್ತೆ ಅಲ್ದಾ? ಅಲ್ಲಿವರೆಗೆ ನಾ ಇದ್ದೆ," ಅಂದರು ಅತ್ತೆ.

ಹೀಗೆ ಗುರುವಾರ ಬೆಳಿಗ್ಗೆ ನಾನು ಹೊರಟೆ. ಗಂಡ ಸರಪಳಿಯ ಹಲ್ಲು ಹರಿತ ಮಾಡುವ ನೆಪದಲ್ಲಿ ಕಾಡಿನಲ್ಲಿಯೇ ಇರಬೇಕಿತ್ತು, ಎರಡನೆಯ ದಿನವೂ ತಪ್ಪಿಸಿದರೆ ಗುಮಾಸ್ತ ಮೂಸಿ ನೋಡುತ್ತಿದ್ದ. ಇಡಿಯಾಗಿ ಉಳಿದಿದ್ದ ಕೆಳಗಿನ ರಿಂಗನ್ನು ನನ್ನ ಬಳೆ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟು ಕೊಟ್ಟಿದ್ದರು. ಅಳತೆಗೆ ಇದ್ದದ್ದು ಅದೊಂದೇ. "ಬೀಡು ಕಬ್ಬಿಣ. ಬಾಗಿಸ್ಬೇಡ. ಬಿದ್ರೆ ಗಾಜಿನ ಬಳೆ ಹಾಂಗೇ ಚೂರಾತದೆ," ಅಂದಿದ್ದರು. ನೋಡಲಿಕ್ಕೂ ಬಳೆಯ ಹಾಗೇ ಇತ್ತು, ಒಂದು ಕಡೆ ಸೀಳಿದ ಕಪ್ಪು ಬಳೆ. ಬಸ್ಸಿನಲ್ಲಿ ಜನ ಒತ್ತಿದಾಗಲೆಲ್ಲ ಡಬ್ಬಿಯನ್ನು ಎದೆಗೆ ಅವಚಿಕೊಂಡೆ. ಪಕ್ಕದ ಹೆಂಗಸೊಬ್ಬಳು, ಒಳಗೆ ಬಂಗಾರ ಇದೆಯೆಂದು ತಿಳಿದಳೋ ಏನೋ, ಸ್ವಲ್ಪ ಸರಿದು ಕೂತಳು.

ಕುಮಟೆಯಲ್ಲಿ ಮೊದಲು ಕಬ್ಬಿಣದ ಅಂಗಡಿ. ಅವರು ಡಬ್ಬಿಯೊಳಗೆ ಇಣುಕಿ ತಲೆ ಅಲ್ಲಾಡಿಸಿದರು. ಎರಡನೆಯವರು ಹಾಗೇ. ಮೂರನೆಯವರು ಲಾರಿ ಗ್ಯಾರೇಜಿಗೆ ಹೋಗು ಅಂದರು. ಗ್ಯಾರೇಜಿನ ಮೇಸ್ತ್ರಿ ಲಾರಿಯ ಕೆಳಗಿನಿಂದ ಹೊರಬಂದು, ಕೈ ಒರೆಸಿಕೊಂಡು ನೋಡಿದ.

"ಲಾರಿದು ತಾಟಿನಷ್ಟು ದೊಡ್ಡದು. ಇದು ಸಣ್ಣ ಗಾಡಿದು. ಫಟಫಟಿ, ಮೋಟರ್ ಸೈಕಲ್ ಇಟ್ಟವ್ರ ಹತ್ರ ನೋಡ್ಬೇಕು. ಇಲ್ಲಿ ಯಾರಿದ್ದಾರೆ? ಒಬ್ಬ ಡಾಕ್ಟರು. ಅವ್ರದ್ದೂ ಇದಕ್ಕಿಂತ ದೊಡ್ಡ ಇಂಜಿನ್ನು."

"ಮತ್ತೆ ಎಲ್ಲಿ?"

"ಹೊನ್ನಾವರ ಬಂದರದಲ್ಲಿ ಲಾಂಚಿನ ಮೇಸ್ತ್ರಿ ಒಬ್ರು ಇದ್ದಾರೆ. ಅವ್ರ ಹತ್ರ ಹಳೇ ಸಾಮಾನು ರಾಶಿ ಇರ್ತದೆ."

ಬಿಸಿಲು ಇನ್ನೂ ಏರಿರಲಿಲ್ಲ. ಹೊನ್ನಾವರಕ್ಕೆ ಹೋಗಿ ಬಂದರೂ ಮಧ್ಯಾಹ್ನ ಸ್ವಲ್ಪ ಹಿಂದುಮುಂದಾಗಿ ಮನೆ ಸೇರಬಹುದು ಎಂದು ಲೆಕ್ಕ ಹಾಕಿದೆ. ಬಸ್ ಹತ್ತಿದ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾಯಿತು. ಅದು ಹಳ್ಳಿಹಳ್ಳಿಗೂ ನಿಂತಿತು. ಒಂದು ಕಡೆ ಡ್ರೈವರು ಇಳಿದುಹೋಗಿ ಚಹಾ ಕುಡಿದು ಬಂದ. ಹಾಲು ತುಂಬಿ ನನ್ನ ಎದೆ ಬಿಗಿಯತೊಡಗಿತ್ತು. ಈಗ ಅವಳು ಏಳುವ ಹೊತ್ತು, ಈಗ ಬಾಯಿ ತೆರೆದು ಹುಡುಕುವ ಹೊತ್ತು ಎಂದು ಮೈಯೇ ಹೇಳುತ್ತಿತ್ತು. ಸೆರಗನ್ನು ಎರಡು ಸುತ್ತು ಹೊದ್ದು ಕಿಟಕಿಯಾಚೆ ನೋಡುತ್ತ ಕೂತೆ.

ಹೊನ್ನಾವರದ ಲಾಂಚಿನ ಮೇಸ್ತ್ರಿ ವಯಸ್ಸಾದವರು. ದಡಕ್ಕೆ ಎಳೆದ ಲಾಂಚಿನೊಳಗೆ ಕೂತು ಕೆಲಸ ಮಾಡುತ್ತಿದ್ದರು. ರಿಂಗನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಅಂಚು ಮುಟ್ಟಿದರು, ನನ್ನ ಜೀವ ಅವರ ಬೆರಳ ತುದಿಯಲ್ಲಿತ್ತು. ಆಮೇಲೆ ಮೂರು ಡಬ್ಬಿಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಸುರಿದು ಹುಡುಕಿದರು. ಆ ಹೊತ್ತಿಗೆ ನಾನು ಎಷ್ಟು ಸಲ ಬಸ್ ಸ್ಟ್ಯಾಂಡಿನ ಕಡೆ ತಿರುಗಿ ನೋಡಿದೆನೋ.

"ಇಲ್ಲ ತಂಗಿ," ಅಂದರು ಕೊನೆಗೆ. "ಎಲ್ಲಾ ಡೀಸಲ್ ಇಂಜಿನ್ನಿಂದು. ಇದೆಂತ, ಗರಗಸದ್ದಾ? ಗರಗಸಕ್ಕೂ ಪಿಸ್ಟನ್ನಾ?"

ಹೌದು ಅಂದೆ. ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ, ಭಟ್ಕಳದಲ್ಲಿ ಒಬ್ಬ ಮೇಸ್ತ್ರಿ ಇದ್ದಾನೆ, ನೀರೆತ್ತುವ ಪಂಪು, ಫಟಫಟಿ ಎಲ್ಲ ರಿಪೇರಿ ಮಾಡುತ್ತಾನೆ, ಅವನ ಹತ್ತಿರ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಮಂಗಳೂರೇ, ಅಂದರು.

ಭಟ್ಕಳ ಅಂದರೆ ಹೊಳೆ ದಾಟಬೇಕು. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಈಚೆ ಬಸ್ಸಿಳಿದು, ಲಾಂಚಿನಲ್ಲಿ ದಾಟಿ, ಆಚೆ ಕಾಸರಕೋಡಿನಲ್ಲಿ ಇನ್ನೊಂದು ಬಸ್ ಹಿಡಿಯಬೇಕು. ನಾನು ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತೆ. ಹಿಂದಕ್ಕೆ ಹೋದರೆ ಮಗು. ಮುಂದಕ್ಕೆ ಹೋದರೆ, ಸಿಕ್ಕೀತು ಎನ್ನುವ ಖಾತ್ರಿಯೂ ಇಲ್ಲದ ಒಂದು ರಿಂಗು. ಬರಿಗೈಯಲ್ಲಿ ಮನೆಗೆ ಹೋದರೆ ಅವರು ಏನೂ ಅನ್ನುವುದಿಲ್ಲ, ಗೊತ್ತು. ಸುಮ್ಮನೆ ಕೂತುಬಿಡುತ್ತಾರೆ. ಅದನ್ನು ನೆನೆದೇ ನನಗೆ ಹೆದರಿಕೆಯಾಯಿತು. ಲಾಂಚಿನವನು ಹಗ್ಗ ಬಿಚ್ಚುತ್ತ, "ಬರೂದಾ, ಇಲ್ವಾ?" ಅಂದ. ಹತ್ತಿದೆ.

ಹೊಳೆಯ ನಡುವೆ ಗಾಳಿ ಎದ್ದಿತು. ನೀರು ಬದಿಯ ಹಲಗೆಗೆ ಬಡಿದು ನಮ್ಮ ಮೇಲೆ ಸಿಡಿಯಿತು. "ಎರಡು ದಿನದಲ್ಲಿ ಮಳೆ," ಎಂದು ಯಾರೋ ಅಂದರು. "ಗಾಳಿ ಹಿಂಗೇ ಇದ್ರೆ ಸಂಜೆ ಲಾಂಚು ಬಿಡುದಿಲ್ಲ," ಎಂದು ಇನ್ಯಾರೋ ಅಂದರು. ಆ ಮಾತು ಕಿವಿಗೆ ಬಿದ್ದ ಮೇಲೆ ಕಾಸರಕೋಡು, ಮಾವಳ್ಳಿ, ಶಿರಾಲಿ ಯಾವುದು ಹೇಗೆ ಹಿಂದೆ ಹೋಯಿತೋ ತಿಳಿಯಲಿಲ್ಲ.

ಭಟ್ಕಳದ ಮೇಸ್ತ್ರಿ ಸಿಕ್ಕಿದ. ರಿಂಗು ನೋಡಿ ಬೇರೇನೂ ಹೇಳದೆ ಅಂಗಡಿಯ ಬಾಗಿಲು ಎಳೆದುಕೊಂಡು, "ಬಾ," ಎಂದು ನಡೆದ. ಎರಡು ಗಲ್ಲಿ ದಾಟಿ ನವಾಯತ ಮುಸ್ಲಿಮರ ಒಂದು ದೊಡ್ಡ ಮನೆ. ಅಲ್ಲಿ ಜಗಲಿಯ ಮಂಚದ ಮೇಲೆ ಒಬ್ಬ ಗಂಡಸು ಕಾಲಿಗೆ ಪಟ್ಟಿ ಬಿಗಿಸಿಕೊಂಡು ಮಲಗಿದ್ದ. ಮೂವತ್ತರ ಆಸುಪಾಸು. ಗೋಡೆಗೆ ಒರಗಿಸಿಟ್ಟ ಒಂದು ಹಳೆಯ ಫಟಫಟಿ, ಮೇಲೆ ಗೋಣಿ ಹೊದಿಸಿದ್ದು. ಅದರ ಮೇಲಿನಿಂದ ಬಿದ್ದೇ ಕಾಲು ಮುರಿದುಕೊಂಡವನಂತೆ. ಬಟ್ಟೆಯ ವ್ಯಾಪಾರದ ಮನೆ ಅದು, ಅವನ ಅಕ್ಕ ಮನೆಯ ಹಿರಿಯಳು.

ಅವರ ಮಾತು ನಮ್ಮ ಪೇಟೆಯ ಕೊಂಕಣಿಗೆ ಹತ್ತಿರ. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಅವರು ಕನ್ನಡದಲ್ಲಿ ಹೇಳುತ್ತಿದ್ದರು. ಮೇಸ್ತ್ರಿ ವಿಷಯ ತಿಳಿಸಿದ: ಈ ಗಾಡಿಯ ರಿಂಗು ಸ್ವಲ್ಪ ದೊಡ್ಡದು, ತುದಿ ತೇಯ್ದರೆ ಕೂರುತ್ತದೆ. ಮಂಚದ ಮೇಲಿದ್ದವನು ಎದ್ದು ಕೂರಲು ನೋಡಿ ನೋವಿನಿಂದ ಮುಖ ಕಿವುಚಿದ.

"ನನ್ನ ಗಾಡಿ ಬಿಚ್ಚುದಾ? ಮಳೆಗಾಲ ಮುಗಿದ್ರೆ ನಾನು ಓಡಿಸ್ತೇನೆ."

"ಗೇರಿನ ಚಕ್ರ ಬಂತಾ ಬೊಂಬಾಯಿಂದ?" ಎಂದು ಮೇಸ್ತ್ರಿ ಕೇಳಿದ.

"ಬರ್ತದೆ."

"ಹೋದ ತಿಂಗ್ಳೂ ಬರ್ತದೆ ಅಂದಿದ್ರಿ."

ಅವನು ಗಾಡಿಯ ಮೇಲಿನ ಗೋಣಿಯ ಕಡೆ ನೋಡಿದ. ನಾನು ಬಾಗಿಲ ಬದಿಯಲ್ಲಿ ನಿಂತಿದ್ದೆ. ನನ್ನ ಗಂಡನ ಭುಜ, ಸಾಹುಕಾರರು ಬರುವ ಶನಿವಾರ, ಮನೆಯಲ್ಲಿರುವ ಮಗು ಎಲ್ಲವನ್ನೂ ಒಂದರ ಮೇಲೊಂದು ಸುರಿದುಬಿಟ್ಟೆ. ಅವನಿಗೆ ಅದರಲ್ಲಿ ಎಷ್ಟು ತಾಗಿತೋ ತಿಳಿಯದು. ಅವನು ಕೇಳಿದ್ದು ಬೇರೆ.

"ಆ ಗರಗಸ ಶುರು ಮಾಡುದು ಹೇಗೆ? ಹಗ್ಗ ಎಳೆದಾ?"

"ಹೌದು. ಹಗ್ಗ ಸುತ್ತಿ ಎಳೀತಾರೆ."

"ಎಷ್ಟು ದಪ್ಪದ ಮರ ಕೊಯ್ತದೆ?"

ಎರಡೂ ತೋಳು ಚಾಚಿ ತೋರಿಸಿದೆ. ಅವನು ಮತ್ತೂ ಕೇಳಿದ: ಶಬ್ದ ಎಷ್ಟು, ಎಣ್ಣೆ ಎಲ್ಲಿ ಬೀಳುತ್ತದೆ, ಸರಪಳಿ ಬಿಸಿಯಾದರೆ ಏನು ಮಾಡುತ್ತಾರೆ. ಗೊತ್ತಿದ್ದಷ್ಟು ಹೇಳಿದೆ. ಅವನ ಗಾಡಿಯ ಭಾಗ ಬೊಂಬಾಯಿಯಲ್ಲೂ ಇಲ್ಲ, ನಮ್ಮದು ಎಲ್ಲಿಯೂ ಇಲ್ಲ. ಕೊನೆಗೆ ಮೇಸ್ತ್ರಿಯ ಕಡೆ ತಿರುಗಿ, "ಬಿಚ್ಚು," ಅಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಸ್ಪ್ಯಾನರಿನ ಶಬ್ದ ಆದಾಗಲೆಲ್ಲ ಅವನ ಹೆಗಲು ಅದುರುತ್ತಿತ್ತು.

ಬಿಚ್ಚಿ, ಒರೆಸಿ, ತೇಯ್ದು ಮಾಡಲು ಹೊತ್ತು ಹಿಡಿಯುತ್ತದೆ ಎಂದು ಅವನ ಅಕ್ಕ ನನ್ನನ್ನು ಒಳಗೆ ಕರೆದರು. ನಾನು ಬರುವುದಿಲ್ಲ ಅಂದೆ. ರಿಂಗಿನ ಮೇಲಿಂದ ಕಣ್ಣು ತೆಗೆಯಲು ಮನಸ್ಸಿರಲಿಲ್ಲ. ಅವರು ನನ್ನ ಎದೆಯ ಕಡೆ ಒಮ್ಮೆ ನೋಡಿ, ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ರವಿಕೆ, ಸೆರಗು ಎರಡೂ ಒದ್ದೆಯಾಗಿದ್ದವು. ಎಷ್ಟು ಹೊತ್ತಿನಿಂದಲೋ. ನಾಚಿಕೆಯಿಂದ ನೆಲ ನೋಡಿದೆ.

ಒಳಗೆ ಒಂದು ಮಗು ಅಳುತ್ತಿತ್ತು. ಅಳು ಅಂದರೆ ಜೋರು ಅಳುವಲ್ಲ, ದಣಿದು ತೆಳ್ಳಗಾದ ಅಳು. ಅವರ ಸೊಸೆಗೆ ಜ್ವರ, ಮೈ ಮೇಲೆ ಎಚ್ಚರವಿಲ್ಲದಂಥ ಜ್ವರ. ಹಾಲು ಬತ್ತಿದೆ. ಮೂರು ತಿಂಗಳ ಗಂಡುಮಗು, ಚಮಚದಲ್ಲಿ ಕೊಟ್ಟದ್ದನ್ನು ಉಗುಳುತ್ತಿತ್ತು. ಅವರು ನನ್ನನ್ನು ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಬಂದು ನನ್ನೆದುರು ನಿಂತರು, ಅಷ್ಟೇ. ಆ ಅಳು ಕೇಳಿದ ಕೂಡಲೆ ನನ್ನ ಎದೆಯಿಂದ ಹಾಲು ತಾನಾಗಿ ಇಳಿಯಿತು.

ಕೈ ಚಾಚಿದೆ. ಮಗು ಬಾಯಿ ಹಚ್ಚಿದ ಕ್ಷಣ ಬಿಗಿದ ನೋವೆಲ್ಲ ಸಡಿಲವಾಗಿ ನನಗೆ ಅಳು ಬಂತು. ಸುಖಕ್ಕೋ ಭಯಕ್ಕೋ. ಅಲ್ಲಿ ನನ್ನ ಮಗಳು ಹಸಿದಿದ್ದಾಳೆ, ಅವಳ ಹಾಲು ಇಲ್ಲಿ ಹೋಗುತ್ತಿದೆ ಎಂಬ ಯೋಚನೆ ಒಂದು ಕಡೆ. ಅತ್ತೆ ಏನೆಂದಾರು, ಊರು ಏನೆಂದೀತು ಎಂಬುದು ಇನ್ನೊಂದು ಕಡೆ. ಮಗುವಿಗೆ ಅದಾವುದೂ ಬೇಕಿರಲಿಲ್ಲ. ಗುಟುಕು ಗುಟುಕಾಗಿ ಕುಡಿದು, ನನ್ನ ಬೆರಳು ಹಿಡಿದುಕೊಂಡು ನಿದ್ದೆ ಹೋಯಿತು.

"ಇನ್ನು ಇವ್ನು ನಿನ್ನ ಮಗನೂ ಹೌದು," ಎಂದು ಅಕ್ಕ ಮೆಲ್ಲಗೆ ಅಂದರು. "ನಮ್ಮಲ್ಲಿ ಹಾಗೇ ಲೆಕ್ಕ. ನಿನ್ನ ಮಗಳು ಇವ್ನಿಗೆ ಅಕ್ಕ." ಮಗು ಹಿಡಿದ ಬೆರಳನ್ನು ನಾನು ಬಿಡಿಸಿಕೊಳ್ಳಲಿಲ್ಲ.

ಹೊರಗೆ ಟಕ್ ಎಂದು ಸಣ್ಣ ಶಬ್ದವಾಯಿತು. ನಾನು ಮಗುವನ್ನು ಅವರ ಕೈಗಿಟ್ಟು ಓಡಿದೆ. ಮೇಸ್ತ್ರಿ ಅರ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಕೂತಿದ್ದ. ಎದುರು ಫಟಫಟಿಯ ರಿಂಗು ಎರಡು ತುಂಡು.

"ಒಂದು ಹೋಯ್ತು," ಅಂದ.

ಮಂಚದಿಂದ, "ಯಾವುದು?" ಎಂದು ದನಿ ಬಂತು. ಮೇಸ್ತ್ರಿ ತುಂಡುಗಳನ್ನು ಬದಿಗೆ ಸರಿಸಿದ.

ಫಟಫಟಿಯ ಎರಡು ರಿಂಗುಗಳಲ್ಲಿ ಇನ್ನೊಂದು ಉಳಿದಿತ್ತು. ಅದನ್ನು ಅವನು ತೇಯುವಷ್ಟು ಹೊತ್ತೂ ನಾನು ಕಂಬ ಹಿಡಿದು ನಿಂತೆ. ತುದಿಯನ್ನು ಕೂದಲೆಳೆಯಷ್ಟು ತೇಯುವುದು, ನಮ್ಮ ರಿಂಗಿನ ಪಕ್ಕ ಇಟ್ಟು ನೋಡುವುದು, ಮತ್ತೆ ತೇಯುವುದು. ದಪ್ಪ ಜಾಸ್ತಿ ಎಂದು ಎಣ್ಣೆ ಹಚ್ಚಿದ ಕಲ್ಲಿನ ಮೇಲೆ ಸುತ್ತಿ ಸುತ್ತಿ ಉಜ್ಜಿದ. ಕೊನೆಗೆ ಪಿಸ್ಟನ್ನಿನ ಮೊಳೆ ಕೂರಲು ತುದಿಯಲ್ಲಿ ಒಂದು ಕಚ್ಚು ಹಾಕಬೇಕಿತ್ತು. ಅದು ಹಾಕುವಾಗ ಅವನೂ ಉಸಿರು ಹಿಡಿದಿದ್ದ. ಮುಗಿದ ಮೇಲೆ ಎರಡು ರಿಂಗನ್ನೂ ಬಳೆ ಡಬ್ಬಿಯಲ್ಲಿ ಇಟ್ಟು, "ಹೊಸದು ಮೇಲೆ, ಹಳೇದು ಕೆಳಗೆ. ಹಾಗೆ ಹೇಳು," ಅಂದ.

ಬಸ್ ಸಿಕ್ಕಿತು. ಆದರೆ ಕಾಸರಕೋಡಿಗೆ ಬರುವಾಗ ಹೊಳೆಯ ಮೇಲೆ ಗಾಳಿ ಕುಣಿಯುತ್ತಿತ್ತು. ಲಾಂಚನ್ನು ಆಚೆ ದಡದಲ್ಲಿ ಕಟ್ಟಿಹಾಕಿದ್ದರು. ದಡದಲ್ಲಿ ನಿಂತವರು ಕೂಗಿದರು, ಕೈ ಬೀಸಿದರು. ಆಚೆಯಿಂದ ಯಾರೋ ಇಲ್ಲ ಎಂದು ಕೈ ಬೀಸಿದರು. ಒಬ್ಬೊಬ್ಬರೇ ಚದುರಿದರು. ನನಗೆ ಅಲ್ಲಿ ಗುರುತಿನವರು ಯಾರೂ ಇರಲಿಲ್ಲ. ಒಣಮೀನು ಬುಟ್ಟಿ ಹೊತ್ತ ಒಬ್ಬಳು ಹೆಂಗಸು ನನ್ನ ಮುಖ ನೋಡಿ ಕೊಂಕಣಿಯಲ್ಲಿ, ನಮ್ಮ ಮನೆಗೆ ಬಾ ಅಂದಳು. ಹೋದೆ. ಅವಳು ಬಡಿಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟೆ. ಮನೆಯಲ್ಲಿ ಮಗು ಏನು ಮಾಡುತ್ತಿದೆಯೋ, ಗಂಡ ಯಾವ ಬಸ್ಸಿನ ದಾರಿ ಕಾಯುತ್ತಿದ್ದಾರೋ, ನಾನು ಎಲ್ಲಿದ್ದೇನೆಂದು ಯಾರಿಗೂ ಗೊತ್ತಿಲ್ಲ. ಡಬ್ಬಿಯನ್ನು ತಲೆಯ ಹತ್ತಿರ ಇಟ್ಟರೆ ಯಾರಾದರೂ ತುಳಿದಾರು, ದೂರ ಇಟ್ಟರೆ ಬೆಕ್ಕು ಬೀಳಿಸೀತು. ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿದೆ.

ಬೆಳಿಗ್ಗೆ ಗಾಳಿ ತಗ್ಗಿತ್ತು. ಮೊದಲ ಲಾಂಚಿಗೇ ದಾಟಿದೆ.

ಕತಗಾಲದಲ್ಲಿ ಬಸ್ ನಿಂತಾಗ ನನ್ನ ಗಂಡ ರಸ್ತೆಯ ಬದಿಗೆ ನಿಂತಿದ್ದರು. ಹಿಂದಿನ ಸಂಜೆಯೂ ಅಲ್ಲೇ ನಿಂತಿದ್ದರಂತೆ, ಚಹಾ ಅಂಗಡಿಯವರು ಹೇಳಿದರು. ಅವರು ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿದರು.

"ಒಂದೇ ಸಿಕ್ಕದ್ದು," ಅಂದೆ.

"ಒಂದು ಸಾಕು," ಅಂದರು, ಡಬ್ಬಿ ತೆರೆಯುವ ಮೊದಲೇ.

"ಮಗು?"

"ಉಂಡು ಮಲಗಿದೆ."

ನಾನು ಮನೆಗೆ ಓಡಿದೆ. ಅವಳು ಆಗಲೇ ಎದ್ದು ಅತ್ತೆಯ ಮಡಿಲಲ್ಲಿ ಕೂತು ಬಟ್ಟಲನ್ನು ಬಡಿಯುತ್ತಿದ್ದಳು. ಗಂಜಿಯ ತಿಳಿಗೆ ಹಾಲು ಬೆರೆಸಿ ಕುಡಿಸಿದ್ದರಂತೆ. ಹಿಂದಿನ ದಿನ ಮಧ್ಯಾಹ್ನ ಒಂದಿಷ್ಟು ಅತ್ತು, ಆಮೇಲೆ ಕುಡಿದಳಂತೆ. ಅಷ್ಟೊಂದು ಹೆದರಿದ್ದೆನಲ್ಲ, ನಾನಿಲ್ಲದೆ ಏನೂ ಆಗಿರಲಿಲ್ಲ. ಸಮಾಧಾನವಾಯಿತು, ಜೊತೆಗೆ ಎಲ್ಲೋ ಒಂದು ಕಡೆ ಚುಚ್ಚಿತು ಕೂಡ. ಎತ್ತಿಕೊಂಡಾಗ ನನ್ನನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ಆಮೇಲೆ ಎದೆಗೆ ಬಂದಳು.

ಅಂದು ಸಂಜೆ ಅತ್ತೆ ಅಕ್ಕಿ ಕೇರುತ್ತಿದ್ದಾಗ ಭಟ್ಕಳದ ಮನೆಯ ವಿಷಯ ಹೇಳಿದೆ. ಮೊರ ನಿಂತಿತು.

"ಯಾರ ಮನೆ?"

ಹೇಳಿದೆ. ಮೊರ ಮತ್ತೆ ಆಡತೊಡಗಿತು. ಅಕ್ಕಿಯೊಳಗಿನ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು. ನಾನು ಬಾಗಿಲಲ್ಲಿ ಬೆವರುತ್ತ ನಿಂತಿದ್ದೆ.

"ಹಸದ ಮಗಿಗೆ ಕೊಡ್ದೇ ಮತ್ತೆಂತ ಮಾಡುದಿತ್ತು?" ಅಂದರು ಕೊನೆಗೆ. ನಾನು ಒಳಗೆ ಹೋಗುವಾಗ ಹಿಂದಿನಿಂದ, "ಹೊರಗೆ ಯಾರಿಗೂ ಹೇಳುಕ್ ಹೋಗ್ಬೇಡ," ಅಂದರು.

ಶನಿವಾರ ಅನ್ನದ ಗಂಟು ಹಿಡಿದು ನಾನೂ ಕಾಡಿಗೆ ಹೋದೆ. ಹಿಂದಿನ ದಿನವೇ ಗಂಡ ರಿಂಗು ಕೂರಿಸಿ, ಮಿಶನ್ನು ಜೋಡಿಸಿ ಒಮ್ಮೆ ಶುರು ಮಾಡಿ ನೋಡಿದ್ದರು. ಶುರುವಾಗಿ, ನೀಲಿ ಹೊಗೆ ಕಾರಿ ನಿಂತಿತ್ತು. ಹೊಸ ರಿಂಗು ಒಗ್ಗಲು ಸ್ವಲ್ಪ ಹೊತ್ತು ಬೇಕು ಎನ್ನುತ್ತಿದ್ದರು. ಒಗ್ಗುವುದರೊಳಗೆ ಒಡೆದರೆ ಎಂದು ನಾನು ಕೇಳಲಿಲ್ಲ.

ಸಾಹುಕಾರರ ಜೀಪು ಏರಿ ಬರುವ ಸದ್ದು ಕೇಳಿಸಿತು. ಗಂಡ ಹಗ್ಗ ಸುತ್ತಿ ಎಡಗೈಯಲ್ಲಿ ಎಳೆದರು. ಇಲ್ಲ. ಮತ್ತೆ ಸುತ್ತಿದರು, ಎಳೆದರು. ಇಲ್ಲ. ಜೀಪು ನಿಂತಿತು, ಬಾಗಿಲು ತೆರೆಯಿತು. ಮತ್ತೊಮ್ಮೆ ಎಳೆದಾಗ ಮಿಶನ್ನು ಕೆಮ್ಮಿ, ಕೆಮ್ಮಿ, ಆಮೇಲೆ ಕಾಡೇ ಬಿರಿಯುವಂತೆ ಕೂಗಿತು. ಆಚೆ ತುದಿಯವನು ಹಿಡಿಕೆ ಹಿಡಿದ. ಬಿದ್ದಿದ್ದ ಮತ್ತಿ ಮರದೊಳಗೆ ಸರಪಳಿ ಇಳಿಯಿತು. ಹೊಟ್ಟು ಹಾರಿತು. ನನಗೆ ಹೊಟ್ಟು ಕಾಣಲಿಲ್ಲ. ಒಳಗಿರುವ ಆ ಕಪ್ಪು ಬಳೆ ಯಾವ ಗಳಿಗೆಯಲ್ಲಿ ಟಕ್ ಅನ್ನುವುದೋ ಎಂದು ಕಿವಿಗೊಟ್ಟು ನಿಂತೆ. ದಿಮ್ಮಿ ಎರಡಾಗಿ ಬಿತ್ತು. ಗಂಡ ಮಿಶನ್ನು ನಿಲ್ಲಿಸಿದರು.

ಸಾಹುಕಾರರು ಹತ್ತಿರ ಬಂದರು. "ಶಬ್ದ ಬ್ಯಾರೆ ಆಗೇದಲ್ಲ?"

ಗುಮಾಸ್ತನ ಮುಖ ಸಣ್ಣದಾಯಿತು. ನನ್ನ ಗಂಡ ನೆಲ ನೋಡುತ್ತ, "ರಿಂಗು ಒಡ್ದಿತ್ತು. ಬಿಚ್ಚಿ ಬದಲು ಮಾಡ್ದೆ," ಅಂದರು.

"ಯಾರನ್ನ ಕೇಳಿ ಬಿಚ್ಚಿದಿ?"

"ಯಾರ್ನೂ ಕೇಳ್ಲಿಲ್ಲ."

ಸಾಹುಕಾರರು ಬಾಗಿ ಇಂಜಿನ್ನಿನ ಮೇಲೆ ಅಂಗೈ ಇಟ್ಟು, ಬಿಸಿ ತಾಗಿ ತೆಗೆದರು. "ಇದರ ರಿಂಗು ಎಲ್ಲಿ ಸಿಕ್ತು? ನಾನು ಮುಂಬೈಯೊಳಗ ಕೇಳಿಸೇನಿ, ಇಲ್ಲ ಅಂದಾರ."

"ಭಟ್ಕಳದಲ್ಲಿ. ಇವ್ಳು ತಂದ್ಲು."

ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂದುಕೊಂಡೆ. ಹೊಗಳಬಹುದು ಎಂಬ ಆಸೆಯೂ ಇತ್ತೋ ಏನೋ. ಅವರು ಎರಡನ್ನೂ ಮಾಡಲಿಲ್ಲ.

"ಸರಪಳಿ ಕೊಂಡಿ ಸವದಾವ," ಅಂದರು. "ಮುಂದಿನ ಸೀಜನ್ನಿನೊಳಗ ಬೇಕಾಗ್ತಾವ. ಈಗಿಂದ ಹುಡುಕಿಡ್ರಿ." ಅಷ್ಟು ಹೇಳಿ ಜೀಪು ಹತ್ತಿದರು.

ಹೀಗೆ ಕೆಲಸ ಉಳಿಯಿತು. ಆ ಒಂದು ರಿಂಗಿನ ಮೇಲೆ ಮಿಶನ್ನು ಮುಂದಿನ ಬೇಸಿಗೆಯನ್ನೂ ಕಳೆಯಿತು. ಆಮೇಲೆ ಕೊಂಡಿಗಳಿಗೆ ಒಮ್ಮೆ, ಕ್ಲಚ್ಚಿನ ಸ್ಪ್ರಿಂಗಿಗೆ ಒಮ್ಮೆ, ಕಿಡಿ ಹಾರಿಸುವ ಪಾಯಿಂಟಿಗೆ ಒಮ್ಮೆ ನಾನೇ ಹೋದೆ. ಭಟ್ಕಳಕ್ಕೆ ಹೋದಾಗ ಆ ಮನೆಗೂ ಹೋಗುತ್ತಿದ್ದೆ. ಸೊಸೆ ಜ್ವರದಿಂದ ಎದ್ದಿದ್ದಳು. ಹುಡುಗ ದೊಡ್ಡವನಾದಂತೆ ನನ್ನನ್ನು ಕಂಡರೆ ಬಾಗಿಲ ಹಿಂದೆ ಅಡಗುತ್ತಿದ್ದ. ಫಟಫಟಿಯ ಯಜಮಾನನ ಕಾಲು ಕೂಡಿತು, ಗೇರಿನ ಚಕ್ರ ಮಾತ್ರ ಬರಲಿಲ್ಲ. ಅವನು ಗಾಡಿಯ ಒಂದೊಂದೇ ಭಾಗವನ್ನು ಬೇಕಾದವರಿಗೆ ಕೊಡುತ್ತ ಹೋದ. ಯಾರಿಗೆ ಏನು ಹೋಯಿತು, ಅದು ಅಲ್ಲಿ ಹೇಗೆ ಓಡುತ್ತಿದೆ ಎಂದು ವಿಚಾರಿಸುವುದೇ ಅವನಿಗೆ ಒಂದು ಹವ್ಯಾಸವಾಯಿತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಗರಗಸದ ಇಂಜಿನ್ನಿನ ಹೊರಕವಚವೇ ಬಿರುಕು ಬಿಟ್ಟಿತು. ಅದಕ್ಕೆ ಯಾರ ಮನೆಯಲ್ಲೂ ಮದ್ದಿರಲಿಲ್ಲ. ಸಾಹುಕಾರರು ಹೊಸ ಮಿಶನ್ನು ತರಿಸಿದರು, ಅದರ ಜೊತೆಗೆ ಅದನ್ನು ನಡೆಸುವವನೂ ಬಂದ. ಆ ಮಳೆಗಾಲ ನಾವು ಹೇಗೆ ಕಳೆದೆವು ಎಂದು ಬರೆಯಲು ಈಗಲೂ ಮನಸ್ಸಿಲ್ಲ. ಮಳೆ ಮುಗಿದ ಮೇಲೆ ಹೊನ್ನಾವರದ ಲಾಂಚಿನ ಮೇಸ್ತ್ರಿಗೆ ಕಣ್ಣು ಮಂಜಾಗಿದೆ, ಸಣ್ಣ ಕೆಲಸಕ್ಕೆ ಜನ ಬೇಕು ಎಂಬ ಸುದ್ದಿ ಬಂತು. ನಾವು ಸಂಸಾರ ಕಟ್ಟಿಕೊಂಡು ಹೊನ್ನಾವರಕ್ಕೆ ಬಂದೆವು. ಬಂದರದ ಹತ್ತಿರ ಒಂದು ಕೋಣೆ, ಮುಂದೆ ಕೆಲಸದ ಚಪ್ಪರ.

ಅಲ್ಲಿಗೆ ಘಟ್ಟದ ಕಡೆಯಿಂದ, ಗೇರುಸೊಪ್ಪೆಯ ಕಡೆಯಿಂದ ಜನ ಬರುತ್ತಿದ್ದರು. ಬಟ್ಟೆಯಲ್ಲಿ ಸುತ್ತಿದ ಯಾವುದೋ ಮುರಿದ ಭಾಗ ಹಿಡಿದು ಚಪ್ಪರದ ಹೊರಗೇ ನಿಲ್ಲುತ್ತಿದ್ದರು, ಹೇಗೆ ಕೇಳುವುದೆಂದು ತಿಳಿಯದೆ. ಗಂಡ ತಲೆ ತಗ್ಗಿಸಿ ಅರ ಉಜ್ಜುತ್ತಿದ್ದರೆ ಅವರನ್ನು ಒಳಗೆ ಕರೆಯುವ ಕೆಲಸ ನನ್ನದು. ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ನಿಮ್ಮೂರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲು ಕೇಳುತ್ತಿದ್ದೆ. ದೂರದವರ ಕೆಲಸ ಮೊದಲು ಆಗುತ್ತಿತ್ತು. ಊರಿನ ಗಿರಾಕಿಗಳು ಅದಕ್ಕೆ ಗೊಣಗುತ್ತಿದ್ದರು.